ಬೆಳಕನ್ನು ಎಲ್ಲಿಡಬೇಕು? ಹೊರಫ್ಲ್ಯಾಶ್ ಮತ್ತು ಲೆನ್ಸ್ ಪರಿಕರಗಳ ಸುತ್ತ ಒಂದು ಸಮೀಕ್ಷೆ

ಮದುವೆ ಸೀಸನ್ ಶುರುವಾಯಿತೆಂದರೆ ತುಮಕೂರಿನ ಬಟವಾಡಿಯಲ್ಲಿ ಕ್ಯಾಮೆರಾ ಬ್ಯಾಗು ಹೊತ್ತವರು ಕಣ್ಣಿಗೆ ಬೀಳುತ್ತಲೇ ಇರುತ್ತಾರೆ. ಗುಬ್ಬಿ, ಕುಣಿಗಲ್ ಕಡೆಯಿಂದ ಆರ್ಡರ್ ಹಿಡಿದು ಬಂದವರು, ಇಲ್ಲೇ ಸ್ಟುಡಿಯೋ ಇಟ್ಟವರು, ಓದಿನ ಜೊತೆಗೆ ಫೋಟೋಗ್ರಫಿಯ ಹುಚ್ಚು ಹಚ್ಚಿಕೊಂಡ ಕಾಲೇಜು ಹುಡುಗರು. ಇವರಲ್ಲಿ ಬಹುಪಾಲು ಜನರನ್ನು ಒಂದಲ್ಲ ಒಂದು ದಿನ ಕಾಡುವ ಪ್ರಶ್ನೆ ಒಂದೇ: ಕೈಯಲ್ಲಿ ಸ್ವಲ್ಪ ದುಡ್ಡು ಕೂಡಿದೆ, ಹೊಸ ಕ್ಯಾಮೆರಾ ಬಾಡಿ ಕೊಳ್ಳುವುದೋ, ಇಲ್ಲ ಫ್ಲ್ಯಾಶು, ಟ್ರಿಗರು, ಲೆನ್ಸಿನ ರಿಂಗು, ಫಿಲ್ಟರುಗಳಿಗೆ ಹಾಕುವುದೋ?

ಪ್ರಶ್ನೆ ಅಂಗಡಿಯದ್ದೆನಿಸಿದರೂ ಉತ್ತರ ಇರುವುದು ಬೆಳಕಿನಲ್ಲಿ. ಹೊರಫ್ಲ್ಯಾಶ್ ಇರುವುದು ಕತ್ತಲನ್ನು ಓಡಿಸಲಿಕ್ಕೆ ಎಂದು ತಿಳಿದವರು ಅದನ್ನು ಕ್ಯಾಮೆರಾದ ತಲೆಯ ಮೇಲೆ ಕೂರಿಸಿ, ಎದುರಿಗಿದ್ದವರ ಮುಖಕ್ಕೆ ಹೊಡೆಯುತ್ತಾರೆ. ಅದು ಬೆಳಕನ್ನು ಬೇಕಾದ ಕಡೆ ಇಡುವ ಸಾಧನ ಎಂದು ಅರಿತವರ ಚಿತ್ರವೇ ಬೇರೆಯಾಗುತ್ತದೆ. ಈ ಲೇಖನದ ವಾದ ಇಷ್ಟು: ನಮ್ಮಂಥ ಊರಿನ ಛಾಯಾಗ್ರಾಹಕನಿಗೆ ದುಬಾರಿ ಬಾಡಿಗಿಂತ ಹೆಚ್ಚು ಫಲ ಕೊಡುವುದು ಕ್ಯಾಮೆರಾದಿಂದ ಬೇರ್ಪಟ್ಟ ಒಂದು ಫ್ಲ್ಯಾಶ್ ಮತ್ತು ಕಡಿಮೆ ಬೆಲೆಯ ಕೆಲವು ಲೆನ್ಸ್ ಪರಿಕರಗಳು. ಆದರೆ ತಾನಾಗಿ ಬೆಳಕು ಎಸೆಯುವವನು ಅದು ಯಾರ ಮೇಲೆ, ಯಾವುದರ ಮೇಲೆ ಬೀಳುತ್ತದೆ ಎಂಬುದಕ್ಕೂ ಹೊಣೆಗಾರ.

ಪುಡಿಯಿಂದ ಕ್ಸೆನಾನ್ ಕೊಳವೆಗೆ

1887ರಲ್ಲಿ ಜರ್ಮನಿಯ ಅಡಾಲ್ಫ್ ಮೀಥೆ ಮತ್ತು ಯೋಹಾನೆಸ್ ಗೇಡಿಕೆ ಮೆಗ್ನೀಸಿಯಂ ಪುಡಿಗೆ ಪೊಟ್ಯಾಸಿಯಂ ಕ್ಲೋರೇಟ್ ಬೆರೆಸಿ ಫ್ಲ್ಯಾಶ್ ಪುಡಿ ತಯಾರಿಸಿದರು. ಬೆಳಕಿನ ಜೊತೆ ಹೊಗೆಯೂ ಬೆಂಕಿಯ ಅಪಾಯವೂ ಬಂದವು. 1929-30ರ ಹೊತ್ತಿಗೆ ಗಾಜಿನ ಬುರುಡೆಯೊಳಗೆ ಉರಿಯುವ ಫ್ಲ್ಯಾಶ್ ಬಲ್ಬ್ ಮಾರುಕಟ್ಟೆಗೆ ಬಂದಿತು. ಆದರೆ ಒಂದು ಬಲ್ಬಿಗೆ ಒಂದೇ ಫೋಟೋ. 1930ರ ದಶಕದಲ್ಲಿ ಅಮೆರಿಕದ ಎಂಐಟಿಯ ಹೆರಾಲ್ಡ್ ಎಡ್ಜರ್ಟನ್ ಅನಿಲ ತುಂಬಿದ ಕೊಳವೆಯಲ್ಲಿ ವಿದ್ಯುತ್ತನ್ನು ಮತ್ತೆ ಮತ್ತೆ ಮಿಂಚಿಸುವ ವಿಧಾನವನ್ನು ಬೆಳೆಸಿದರು. ಇಂದಿನ ಎಲೆಕ್ಟ್ರಾನಿಕ್ ಫ್ಲ್ಯಾಶ್ ಅದೇ ಕುಲದ್ದು.

ಒಳಗೆ ನಡೆಯುವುದು ಸರಳ. ಬ್ಯಾಟರಿಯ ಸಣ್ಣ ವೋಲ್ಟೇಜು ಸುಮಾರು 300 ವೋಲ್ಟಿಗೆ ಏರಿ ಕೆಪ್ಯಾಸಿಟರಿನಲ್ಲಿ ಕೂಡಿಕೊಳ್ಳುತ್ತದೆ. ಬಟನ್ ಒತ್ತಿದಾಗ ಅದು ಕ್ಸೆನಾನ್ ಕೊಳವೆಯಲ್ಲಿ ಹರಿದು ಮಿಂಚುತ್ತದೆ. ಕೆಟ್ಟುಹೋದ ಫ್ಲ್ಯಾಶನ್ನು ಮನೆಯಲ್ಲಿ ಬಿಚ್ಚಬಾರದು ಎನ್ನುವುದು ಇದಕ್ಕೇ: ಬ್ಯಾಟರಿ ತೆಗೆದ ಮೇಲೂ ಕೆಪ್ಯಾಸಿಟರಿನಲ್ಲಿ ಉಳಿದ ವಿದ್ಯುತ್ತು ಅಪಾಯಕಾರಿ ಹೊಡೆತ ಕೊಡಬಲ್ಲದು. ಈ ಮಿಂಚಿನ ಇನ್ನೊಂದು ಗುಣ ಮುಂದೆ ಉಪಯೋಗಕ್ಕೆ ಬರುತ್ತದೆ. ಪವರ್ ಇಳಿಸಿದಷ್ಟೂ ಮಿಂಚಿನ ಅವಧಿ ಕಿರಿದಾಗುತ್ತದೆ. ಪೂರ್ತಿ ಪವರಿನಲ್ಲಿ ಸೆಕೆಂಡಿನ ಕೆಲವು ನೂರರಲ್ಲೊಂದು ಭಾಗ ಇರುವ ಮಿಂಚು, ಕನಿಷ್ಠ ಪವರಿನಲ್ಲಿ ಹತ್ತಾರು ಸಾವಿರದಲ್ಲೊಂದು ಭಾಗಕ್ಕೆ ಇಳಿಯುತ್ತದೆ.

ಒಂದು ಕ್ಲಿಕ್ಕಿನಲ್ಲಿ ಎರಡು ಎಕ್ಸ್‌ಪೋಷರ್

ಫ್ಲ್ಯಾಶ್ ಬಳಸಿ ತೆಗೆದ ಪ್ರತಿ ಫೋಟೋದಲ್ಲೂ ಎರಡು ಎಕ್ಸ್‌ಪೋಷರ್ ಸೇರಿರುತ್ತವೆ: ಅಲ್ಲಿ ಮೊದಲೇ ಇದ್ದ ಬೆಳಕಿನದು ಒಂದು, ನಾವು ಎಸೆದ ಬೆಳಕಿನದು ಇನ್ನೊಂದು. ಶಟರ್ ವೇಗ ಮುಖ್ಯವಾಗಿ ಇದ್ದ ಬೆಳಕನ್ನು ಹಿಡಿತದಲ್ಲಿಡುತ್ತದೆ. ಅಪರ್ಚರ್ ಮತ್ತು ಐಎಸ್‌ಒ ಎರಡನ್ನೂ ಹಿಡಿಯುತ್ತವೆ. ಫ್ಲ್ಯಾಶಿನ ಪವರ್ ನಮ್ಮ ಬೆಳಕಿಗೆ ಮಾತ್ರ ಸಂಬಂಧಿಸಿದ್ದು. ಮಂಟಪದ ಹಿಂದಿನ ಹೂವಿನ ಅಲಂಕಾರ, ಸೀರಿಯಲ್ ದೀಪಗಳು ಕಪ್ಪಾಗಿ ಹೋಗಿ, ವಧೂವರರು ಮಾತ್ರ ಬೆಳ್ಳಗೆ ಎದ್ದು ನಿಂತ ಫೋಟೋಗಳಿಗೆ ಬಹುಪಾಲು ಕಾರಣ 1/200ರಲ್ಲೇ ನಿಂತ ಶಟರ್. ಅದನ್ನು 1/50ಕ್ಕೆ ಇಳಿಸಿದರೆ ಹಿನ್ನೆಲೆ ಎರಡು ಸ್ಟಾಪ್, ಅಂದರೆ ನಾಲ್ಕು ಪಟ್ಟು, ಮೇಲೇಳುತ್ತದೆ, ಮುಖದ ಮೇಲಿನ ಫ್ಲ್ಯಾಶ್ ಹಾಗೆಯೇ ಇರುತ್ತದೆ.

ಫ್ಲ್ಯಾಶಿನ ಡಬ್ಬಿಯ ಮೇಲೆ ಕಾಣುವ ಗೈಡ್ ನಂಬರ್ ಅದರ ತಾಕತ್ತಿನ ಅಳತೆ. ದೂರವನ್ನು ಎಫ್ ಸಂಖ್ಯೆಯಿಂದ ಗುಣಿಸಿದರೆ ಬರುವುದೇ ಅದು. ಐಎಸ್‌ಒ 100ರಲ್ಲಿ ಗೈಡ್ ನಂಬರ್ 40 ಎಂದಿದ್ದರೆ 5 ಮೀಟರ್ ದೂರಕ್ಕೆ ಎಫ್/8, 10 ಮೀಟರಿಗೆ ಎಫ್/4. ಐಎಸ್‌ಒ 400ಕ್ಕೆ ಏರಿಸಿದರೆ ಅದೇ ಫ್ಲ್ಯಾಶ್ 80ರಂತೆ ಕೆಲಸ ಮಾಡುತ್ತದೆ. ಡಬ್ಬಿಯ ಮೇಲಿನ ಅಂಕಿಯನ್ನು ನಂಬುವ ಮುನ್ನ ಅದನ್ನು ಯಾವ ಜೂಮಿನಲ್ಲಿ ಅಳೆದದ್ದು ಎಂದು ನೋಡಬೇಕು. 200 ಎಂಎಂ ಜೂಮಿನಲ್ಲಿ ಅಳೆದ 60ನ್ನೂ 35 ಎಂಎಂನಲ್ಲಿ ಅಳೆದ 36ನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವಂತಿಲ್ಲ.

ದೂರ ಎರಡರಷ್ಟಾದರೆ ಬೆಳಕು ನಾಲ್ಕರಲ್ಲೊಂದು ಪಾಲಿಗೆ ಇಳಿಯುತ್ತದೆ. ಆರತಕ್ಷತೆಯ ವೇದಿಕೆಯಲ್ಲಿ ಮೂರು ಸಾಲು ನಿಂತ ಕುಟುಂಬದ ಗ್ರೂಪ್ ಫೋಟೋದಲ್ಲಿ ಮುಂದಿನ ಸಾಲು 2 ಮೀಟರಿನಲ್ಲೂ ಹಿಂದಿನ ಸಾಲು 4 ಮೀಟರಿನಲ್ಲೂ ಇದ್ದರೆ, ಹಿಂದೆ ನಿಂತ ಚಿಕ್ಕಪ್ಪ, ಸೋದರಮಾವಂದಿರಿಗೆ ಸಿಗುವುದು ಕಾಲುಪಾಲು ಬೆಳಕು. ಛಾಯಾಗ್ರಾಹಕ ನಾಲ್ಕು ಮೀಟರ್ ಹಿಂದೆ ಸರಿದರೆ ಸಾಲುಗಳ ದೂರ 6 ಮತ್ತು 8 ಆಗುತ್ತದೆ. ಹಿಂದಿನವರಿಗೆ ಮುಂದಿನವರ ಅರ್ಧಕ್ಕಿಂತ ತುಸು ಹೆಚ್ಚು ಬೆಳಕು ಬೀಳುತ್ತದೆ. ಖರ್ಚಿಲ್ಲದೆ ಆಗುವ ಸುಧಾರಣೆ ಇದು.

ಛತ್ರದೊಳಗಿನ ಪಾಠ

ಬೆಳಕು ಮೃದುವೋ ಕಟುವೋ ಎಂಬುದನ್ನು ನಿರ್ಧರಿಸುವುದು ಅದರ ಮೂಲದ ಗಾತ್ರ. ಫ್ಲ್ಯಾಶಿನ ಮುಖ ಅಂಗೈಗಿಂತ ಚಿಕ್ಕದು. ನೇರವಾಗಿ ಹೊಡೆದರೆ ಮೂಗಿನ ಕೆಳಗೆ ಗೀರಿದಂಥ ನೆರಳು, ಹಣೆಯ ಬೆವರಿನ ಮೇಲೆ ಬಿಳಿ ಮಚ್ಚೆ, ಜರಿ ಸೀರೆಯ ಅಂಚಿನಲ್ಲಿ ವಿವರವೇ ಮಾಯ. ಅದೇ ಫ್ಲ್ಯಾಶಿನ ತಲೆಯನ್ನು ಮೇಲಕ್ಕೆತ್ತಿ ಬಿಳಿ ಸೀಲಿಂಗಿಗೆ ಹೊಡೆದರೆ ಸೀಲಿಂಗಿನ ಕೆಲವು ಅಡಿ ಜಾಗವೇ ದೀಪವಾಗುತ್ತದೆ. ಇದಕ್ಕೆ ಎರಡು ಮೂರು ಸ್ಟಾಪ್ ಬೆಳಕು ಖರ್ಚಾಗುತ್ತದೆ. ಐಎಸ್‌ಒ 800ಕ್ಕೆ ಏರಿಸಿ ಅದನ್ನು ತುಂಬಿಕೊಳ್ಳಬಹುದು. ಇಂದಿನ ಕ್ಯಾಮೆರಾಗಳಿಗೆ 800 ದೊಡ್ಡ ಮಾತಲ್ಲ.

ನೆತ್ತಿಯ ಮೇಲಿಂದ ಬಿದ್ದ ಬೆಳಕು ಕಣ್ಣುಗುಳಿಗಳಲ್ಲಿ ನೆರಳು ನಿಲ್ಲಿಸುತ್ತದೆ. ಆದ್ದರಿಂದ ಅನುಭವಿಗಳು ಫ್ಲ್ಯಾಶಿನ ತಲೆಯನ್ನು ನೇರ ಮೇಲಕ್ಕಲ್ಲ, ಪಕ್ಕಕ್ಕೋ ತಮ್ಮ ಹೆಗಲ ಹಿಂದಕ್ಕೋ ತಿರುಗಿಸುತ್ತಾರೆ. ಧಾರೆಯ ಹೊತ್ತನ್ನೇ ನೋಡಿ. ಅಂತರಪಟ ಹಿಡಿದಿದ್ದಾರೆ, ಪುರೋಹಿತರ ಮಂತ್ರ ಮುಗಿಯುತ್ತಿದೆ, ಇಬ್ಬರ ಕೈಯಲ್ಲೂ ಜೀರಿಗೆ ಬೆಲ್ಲ. ಪಟ ಸರಿದ ಕ್ಷಣ ವಧು ತಲೆಯೆತ್ತುತ್ತಾಳೆ, ಎರಡು ಕೈಗಳು ಒಟ್ಟಿಗೆ ಮೇಲೇಳುತ್ತವೆ. ಫ್ಲ್ಯಾಶ್ ಎದುರಿಂದ ಬಿದ್ದರೆ ವರನ ಕೈಯ ನೆರಳು ವಧುವಿನ ಮುಖದ ಮೇಲೆಯೇ ಬೀಳುತ್ತದೆ. ಎಡಗಡೆಯ ಬಿಳಿ ಗೋಡೆಗೆ ಬೌನ್ಸ್ ಮಾಡಿದ್ದರೆ ಒಂದು ಕೆನ್ನೆ ಬೆಳಗಿ, ಇನ್ನೊಂದು ಮೆಲ್ಲಗೆ ನೆರಳಿಗಿಳಿದು, ಗಾಳಿಯಲ್ಲಿರುವ ಜೀರಿಗೆಯ ಕಾಳುಗಳು ಕೂಡ ಬಿಡಿಬಿಡಿಯಾಗಿ ಕಾಣುತ್ತವೆ. ಆ ಗೋಡೆ ಎಲ್ಲಿದೆ ಎಂದು ಮುಹೂರ್ತಕ್ಕೆ ಮೊದಲೇ ಬಂದು ನೋಡಿಟ್ಟುಕೊಳ್ಳುವುದರಲ್ಲಿದೆ ಕೌಶಲ.

ಛತ್ರದ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ತಿಳಿಹಸಿರು ಗೋಡೆಗೆ ಹೊಡೆದ ಬೆಳಕು ಹಸಿರನ್ನು ಹೊತ್ತು ಬಂದು ಮುಖಕ್ಕೆ ಬಳಿಯುತ್ತದೆ. ಕೆಂಪು ಶಾಮಿಯಾನದ ಕೆಳಗೆ ಬೌನ್ಸ್ ಮಾಡಿದರೆ ಎಲ್ಲರೂ ಕುಂಕುಮದ ನೀರಲ್ಲಿ ಮಿಂದವರಂತಾಗುತ್ತಾರೆ. ಅಂಥಲ್ಲಿ ಒಂದು ಮೀಟರ್ ಅಗಲದ ಬಿಳಿ ಛತ್ರಿ ಅಥವಾ ಸಾಫ್ಟ್‌ಬಾಕ್ಸನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ರೇಡಿಯೋ ಟ್ರಿಗರಿನಿಂದ ಹೊಡೆಯುವುದೇ ಸರಿ. ಫ್ಲ್ಯಾಶಿನ ಮೂತಿಗೆ ಸಿಕ್ಕಿಸುವ ಪುಟ್ಟ ಪ್ಲಾಸ್ಟಿಕ್ ಟೋಪಿ ಬಯಲಿನಲ್ಲಿ ಯಾವ ಮೃದುತ್ವವನ್ನೂ ತರುವುದಿಲ್ಲ. ಸುತ್ತ ಗೋಡೆಗಳಿದ್ದರೆ ಬೆಳಕನ್ನು ನಾಲ್ಕೂ ಕಡೆ ಚದುರಿಸಿ ನೆರವಾಗುತ್ತದೆ. ಗೋಡೆಯಿಲ್ಲದ ಕಡೆ ಮೂಲದ ಗಾತ್ರ ಬದಲಾಗದ ಕಾರಣ ಬೆಳಕು ಪೋಲಾಗುವುದಷ್ಟೇ.

ಫ್ಲ್ಯಾಶಿನ ಬೆಳಕು ಸುಮಾರು 5500 ಕೆಲ್ವಿನ್, ಮಧ್ಯಾಹ್ನದ ಬಿಸಿಲಿನ ಬಣ್ಣ. ಮಂಟಪದ ಹಳದಿ ದೀಪಗಳು 3000ದ ಆಸುಪಾಸು. ಇವೆರಡೂ ಒಂದೇ ಚಿತ್ರದಲ್ಲಿ ಬೆರೆತಾಗ ಮುಖ ಸರಿಯಿದ್ದರೂ ಹಿನ್ನೆಲೆ ಅತಿ ಹಳದಿಯಾಗುತ್ತದೆ. ಫ್ಲ್ಯಾಶಿನ ಬಾಯಿಗೆ ಕಿತ್ತಳೆ ಬಣ್ಣದ ಜೆಲ್ ಹಾಳೆ ಅಂಟಿಸಿ, ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು 3200ರ ಹತ್ತಿರಕ್ಕೆ ತಂದರೆ ಎರಡೂ ಹೊಂದಿಕೊಳ್ಳುತ್ತವೆ. ಇನ್ನು ವೇದಿಕೆಯ ಎಲ್‌ಇಡಿಗಳಿಂದ ಫೋಟೋದಲ್ಲಿ ಅಡ್ಡಪಟ್ಟೆಗಳು ಬಂದರೆ ಶಟರನ್ನು 1/100 ಅಥವಾ 1/50ಕ್ಕೆ ತಂದು ನೋಡಬೇಕು. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಅನೇಕ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ.

ಕನ್ನಡ ನಾಡಿನ ಬೆಳಕಿನ ಪರಂಪರೆ

ಕರ್ನಾಟಕದ ಛಾಯಾಗ್ರಹಣದಲ್ಲಿ ಬೆಳಕಿನ ಈ ವಿಚಾರಕ್ಕೆ ಗಟ್ಟಿಯಾದ ಹಿನ್ನೆಲೆಯಿದೆ. ಸಂಡೂರಿನ ಎಂ.ವೈ. ಘೋರ್ಪಡೆ ವನ್ಯಜೀವಿಗಳನ್ನು ಕಪ್ಪುಬಿಳುಪಿನಲ್ಲಿ, ಕಾಡಿನಲ್ಲಿ ದೊರೆತ ಬೆಳಕನ್ನೇ ನೆಚ್ಚಿ ಚಿತ್ರಿಸಿದರು; 1983ರಲ್ಲಿ ಬಂದ ಅವರ ಪುಸ್ತಕದ ಹೆಸರಿನಲ್ಲೇ ಬಿಸಿಲೂ ನೆರಳೂ ಇವೆ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ (1932-2017) ಇನ್ನೊಂದು ದಾರಿಯಲ್ಲೂ ನಡೆದವರು. ಛಾಯಾಗ್ರಾಹಕ ಒ.ಸಿ. ಎಡ್ವರ್ಡ್ಸ್ ಅವರ ಬಳಿ ಕಲಿತು, ಇರುಳಿನ ಜೀವಿಗಳನ್ನೂ ಹಾರುವ ಹಕ್ಕಿಗಳನ್ನೂ ಫ್ಲ್ಯಾಶಿನಿಂದ ಸೆರೆಹಿಡಿದು, ಮುಂದಿನ ತಲೆಮಾರಿನ ಹಲವರಿಗೆ ಗುರುವಾದರು. ಫಿಲ್ಮ್ ಯುಗದಲ್ಲಿ ಹಾರುವ ಹಕ್ಕಿಯ ರೆಕ್ಕೆಯನ್ನು ನಿಲ್ಲಿಸಲು ಮಿಂಚಿನ ಕಿರು ಅವಧಿಯೇ ಆಸರೆ. ಶಟರಿಗೆ ಆ ಶಕ್ತಿ ಇರಲಿಲ್ಲ. ಇದ್ದ ಬೆಳಕನ್ನು ಕಾಯುವುದು, ಇಲ್ಲದ ಬೆಳಕನ್ನು ಕಟ್ಟುವುದು, ಎರಡೂ ನಮ್ಮಲ್ಲಿ ಉನ್ನತ ಮಟ್ಟಕ್ಕೆ ಬೆಳೆದ ವಿದ್ಯೆಗಳು. ಒಂದು ಶುದ್ಧ, ಇನ್ನೊಂದು ಕೃತಕ ಎಂಬ ಜಗಳಕ್ಕೆ ಅರ್ಥವಿಲ್ಲ.

ಮೈಸೂರಿನವರೇ ಆದ ಸಿನಿಮಾ ಛಾಯಾಗ್ರಾಹಕ ವಿ.ಕೆ. ಮೂರ್ತಿ 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೋದ ಒಳಕ್ಕೆ ತಿರುಗಿಸಿ ಕತ್ತಲಲ್ಲಿ ಬೆಳಕಿನ ಕಂಬ ನಿಲ್ಲಿಸಿದರು. ಅವರು ಹೊಸ ದೀಪ ಹಚ್ಚಲಿಲ್ಲ, ಇದ್ದ ಬೆಳಕಿನ ಜಾಗ ಬದಲಿಸಿದರು. ಸ್ಟುಡಿಯೋಗಳಲ್ಲಿ ಇಂದಿಗೂ ಬಳಸುವ ಥರ್ಮಾಕೋಲ್ ಹಲಗೆಯ ರಿಫ್ಲೆಕ್ಟರ್ ಮಾಡುವುದೂ ಅದೇ ಕೆಲಸ.

ಫ್ಲ್ಯಾಶ್ ವಿಜ್ಞಾನಕ್ಕೂ ದುಡಿದಿದೆ. 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಕೆ. ಉಲ್ಲಾಸ ಕಾರಂತ ಮತ್ತು ಸಂಗಡಿಗರು ಕಾಡಿನ ಹಾದಿಯ ಎರಡೂ ಬದಿಗೆ ಫ್ಲ್ಯಾಶ್ ಇರುವ ಕ್ಯಾಮೆರಾಗಳನ್ನು ಕಟ್ಟಿ, ಹುಲಿಯ ಎರಡೂ ಪಕ್ಕೆಗಳ ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಬೇರೆಯಾಗಿ ಗುರುತಿಸಿದರು. ಹುಲಿಗಣತಿಗೆ ಸಂಖ್ಯಾಶಾಸ್ತ್ರದ ತಳಹದಿ ಸಿಕ್ಕಿದ್ದು ಇಂಥ ಚಿತ್ರಗಳಿಂದ.

ಅರಳಗುಪ್ಪೆಯ ಛಾವಣಿ

ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ಗುಡಿಯ ಒಳಛಾವಣಿಯಲ್ಲಿ ಸುಮಾರು 9ನೇ ಶತಮಾನದ ನಟರಾಜನಿದ್ದಾನೆ, ಸುತ್ತ ಅಷ್ಟದಿಕ್ಪಾಲಕರು. ಕೆಳಗೆ ನಿಂತು ಕ್ಯಾಮೆರಾದ ಮೇಲಿನ ಫ್ಲ್ಯಾಶಿನಿಂದ ನೇರ ಹೊಡೆದರೆ ಅಷ್ಟೂ ಶಿಲ್ಪ ಬೂದಿಬಣ್ಣದ ಚಪ್ಪಟೆ ಹಲಗೆಯಾಗಿ ಬರುತ್ತದೆ, ಏಕೆಂದರೆ ಬೆಳಕು ಲೆನ್ಸಿನ ದಾರಿಯಲ್ಲೇ ಹೋಗಿ ಎಲ್ಲ ನೆರಳುಗಳನ್ನೂ ಅಳಿಸುತ್ತದೆ. ಫ್ಲ್ಯಾಶನ್ನು ಕಳಚಿ, ಒಂದು ಮೂಲೆಯಿಂದ ಛಾವಣಿಯನ್ನು ಓರೆಯಾಗಿ ಸವರುವಂತೆ ಬೆಳಕು ಬಿಟ್ಟರೆ ನಟರಾಜನ ಮಡಿಸಿದ ಮೊಣಕಾಲು ಮುಂದಕ್ಕೆ ಬರುತ್ತದೆ, ಕೊರಳ ಹಾರದ ಎಸಳುಗಳು ಎಣಿಸಲು ಬರುವಷ್ಟು ಬಿಡಿಯಾಗುತ್ತವೆ. ಶಿಲ್ಪ ದಾಖಲಿಸುವ ವಿದ್ಯಾರ್ಥಿಗಳು ಮೊದಲು ಕಲಿಯಬೇಕಾದದ್ದು ಈ ಓರೆಬೆಳಕನ್ನು. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡು, ಸ್ಟ್ಯಾಂಡು ಬಳಸಲು ಮುಂಚೆಯೇ ಅನುಮತಿ ಬೇಕು. ಪೂಜೆ ನಡೆಯುವ ಗುಡಿಯಾದರೆ ಅರ್ಚಕರ ಒಪ್ಪಿಗೆಯೂ ಬೇಕು.

ಲೆನ್ಸಿಗೆ ತೊಡಿಸುವ ವಸ್ತುಗಳು

ಹುಡ್ ಮೊದಲನೆಯದು. ಪಕ್ಕದ ದೀಪದ ಬೆಳಕು ಗಾಜಿಗೆ ಬಡಿದು ಚಿತ್ರ ಮಸುಕಾಗುವುದನ್ನು ತಡೆಯುತ್ತದೆ, ಜನಜಂಗುಳಿಯಲ್ಲಿ ಲೆನ್ಸಿಗೆ ಪೆಟ್ಟಾಗದಂತೆ ಕಾಯುತ್ತದೆ. ಯುವಿ ಫಿಲ್ಟರ್ ಡಿಜಿಟಲ್ ಕ್ಯಾಮೆರಾದ ಚಿತ್ರಕ್ಕೆ ಹೆಚ್ಚೇನೂ ಸೇರಿಸದು. ಶಿವರಾತ್ರಿಯ ಹೊತ್ತಿಗೆ ನಡೆಯುವ ಸಿದ್ಧಗಂಗೆಯ ಜಾತ್ರೆಯಲ್ಲಿ, ದನಗಳ ಕಾಲ್ದೂಳಿನ ನಡುವೆ, ಗಾಜಿಗೆ ಕಾವಲು ಮಾತ್ರ. ದೀಪೋತ್ಸವ ತೆಗೆಯುವಾಗ ಅದನ್ನು ಬಿಚ್ಚಿಡಬೇಕು. ಇಲ್ಲದಿದ್ದರೆ ಒಂದೊಂದು ಹಣತೆಗೂ ಒಂದೊಂದು ಸುಳ್ಳು ಜ್ವಾಲೆ ಮೂಡುತ್ತದೆ.

ಪೋಲರೈಸರ್ ಮಾಡುವ ಕೆಲಸವನ್ನು ಆಮೇಲೆ ಕಂಪ್ಯೂಟರಿನಲ್ಲಿ ಮಾಡಲಾಗದು. ಮಳೆ ನಿಂತ ಮೇಲೆ ದೇವರಾಯನದುರ್ಗದ ಎಲೆಗಳ ಮೇಲಿನ ಬಿಳಿ ಹೊಳಪನ್ನೂ ಕೆರೆಯ ನೀರಿನ ಮೇಲಿನ ಪ್ರತಿಫಲನವನ್ನೂ ಅದು ಕತ್ತರಿಸಿ, ಕೆಳಗಿನ ಹಸಿರನ್ನು, ತಳದ ಕಲ್ಲನ್ನು ತೋರಿಸುತ್ತದೆ. ಸೂರ್ಯನಿಗೆ 90 ಡಿಗ್ರಿ ಓರೆಯಲ್ಲಿರುವ ಆಕಾಶ ಹೆಚ್ಚು ಗಾಢವಾಗುತ್ತದೆ. ಇದಕ್ಕೆ ತೆರುವ ಬೆಲೆ ಒಂದರಿಂದ ಎರಡು ಸ್ಟಾಪ್.

ಎನ್‌ಡಿ ಫಿಲ್ಟರ್ ಲೆನ್ಸಿನೊಳಗೆ ಹೋಗುವ ಬೆಳಕನ್ನು ತಗ್ಗಿಸುತ್ತದೆ. ಅದಕ್ಕೂ ಫ್ಲ್ಯಾಶಿಗೂ ನಂಟಿದೆ. ಕಡುಬಿಸಿಲಿನಲ್ಲಿ ಐಎಸ್‌ಒ 100, ಎಫ್/2.8ಕ್ಕೆ ಶಟರ್ ಸುಮಾರು 1/3200 ಬೇಕಾಗುತ್ತದೆ. ಆದರೆ ಅನೇಕ ಕ್ಯಾಮೆರಾಗಳಲ್ಲಿ ಫ್ಲ್ಯಾಶ್ ಜೊತೆಗೂಡುವುದು 1/200ರವರೆಗೆ. ಅದಕ್ಕಿಂತ ವೇಗವಾದರೆ ಶಟರಿನ ಪರದೆ ಸೆನ್ಸರಿನ ಒಂದು ಭಾಗವನ್ನು ಮುಚ್ಚಿಕೊಂಡಿರುತ್ತದೆ, ಚಿತ್ರದಲ್ಲಿ ಕಪ್ಪು ಪಟ್ಟಿ ಬೀಳುತ್ತದೆ. 4 ಸ್ಟಾಪಿನ ಎನ್‌ಡಿ ಹಾಕಿದರೆ ಲೆಕ್ಕ 1/200ಕ್ಕೆ ಕೂರುತ್ತದೆ. ಹೈಸ್ಪೀಡ್ ಸಿಂಕ್ ಇನ್ನೊಂದು ದಾರಿ. ಅದರಲ್ಲಿ ಫ್ಲ್ಯಾಶಿನ ಶಕ್ತಿ ಬಹಳ ಕುಗ್ಗುತ್ತದೆ. ಎರಡರಲ್ಲೂ ಫ್ಲ್ಯಾಶನ್ನು ವ್ಯಕ್ತಿಯ ಹತ್ತಿರಕ್ಕೆ ತರಲೇಬೇಕು.

ಕಡಿಮೆ ಖರ್ಚಿಗೆ ಹೊಸ ಲೋಕ ತೆರೆಯುವುದು ಮ್ಯಾಕ್ರೋ ರಿಂಗುಗಳು. 50 ಎಂಎಂ ಲೆನ್ಸಿನ ಹಿಂದೆ 25 ಎಂಎಂ ಎಕ್ಸ್‌ಟೆನ್ಷನ್ ಟ್ಯೂಬ್ ಇಟ್ಟರೆ ಅರ್ಧಪಟ್ಟು ಗಾತ್ರ, 50 ಎಂಎಂ ಇಟ್ಟರೆ ಸೆನ್ಸರಿನ ಮೇಲೆ ಜೀವಿಯ ನಿಜಗಾತ್ರ. ರಿವರ್ಸ್ ರಿಂಗ್ ಹಾಕಿ ಅದೇ ಲೆನ್ಸನ್ನು ತಿರುಗಾಮುರುಗಾ ಕೂರಿಸಿದರೂ ಹೆಚ್ಚುಕಡಿಮೆ ನಿಜಗಾತ್ರ ಸಿಗುತ್ತದೆ. ಟ್ಯೂಬಿನೊಳಗೆ ಗಾಜಿಲ್ಲದ ಕಾರಣ ಅಗ್ಗದ್ದಾದರೂ ಚಿತ್ರದ ಗುಣ ಕೆಡುವುದಿಲ್ಲ. ಕ್ಲೋಸ್‌ಅಪ್ ಲೆನ್ಸುಗಳನ್ನು ಡಯಾಪ್ಟರಿನಲ್ಲಿ ಅಳೆಯುತ್ತಾರೆ. +4 ಎಂದರೆ ಅನಂತಕ್ಕೆ ಫೋಕಸ್ ಮಾಡಿದ ಲೆನ್ಸು 25 ಸೆಂಟಿಮೀಟರಿನಲ್ಲಿ ಫೋಕಸ್ ಆಗುತ್ತದೆ. ನಿಜಗಾತ್ರದಲ್ಲಿ ಎಫ್/8 ಇಟ್ಟರೆ ಬೆಳಕಿನ ಲೆಕ್ಕದಲ್ಲಿ ಅದು ಎಫ್/16; ಅಂದರೆ ನಾಲ್ಕು ಪಟ್ಟು ಬೆಳಕು ಬೇಕು. ಫ್ಲ್ಯಾಶ್ ಅನಿವಾರ್ಯವಾಗುವುದು ಇಲ್ಲೇ. ಹುಲ್ಲಿನ ದಂಟಿನ ಮೇಲೆ ಕುಳಿತ ನೆಗೆಜೇಡಕ್ಕೆ ಒಂದು ಅಡಿಗಿಂತ ಹತ್ತಿರ, ಬಿಳಿ ಫೋಮ್ ಹಾಳೆಯ ಹಿಂದಿನಿಂದ ಕಡಿಮೆ ಪವರಿನಲ್ಲಿ ಹೊಡೆದರೆ ಕಿರು ಮಿಂಚು ಗಾಳಿಯ ಓಲಾಟವನ್ನೂ ಕೈನಡುಕವನ್ನೂ ನಿಲ್ಲಿಸುತ್ತದೆ. ಅದರ ಮುಂಭಾಗದ ಎರಡು ದೊಡ್ಡ ಕಣ್ಣುಗಳಲ್ಲಿ ಆ ಬಿಳಿ ಹಾಳೆಯ ಆಕಾರವೇ ಪ್ರತಿಬಿಂಬವಾಗಿ ಕಾಣುತ್ತದೆ. ಹಾಳೆ ದೊಡ್ಡದಿದ್ದಷ್ಟೂ ಆ ಕಣ್ಣು ಜೀವಂತ.

ಟೆಲಿಕನ್ವರ್ಟರ್ ವಿಚಾರದಲ್ಲಿ ಎಚ್ಚರ ಬೇಕು. 1.4 ಪಟ್ಟಿನದು ಒಂದು ಸ್ಟಾಪನ್ನೂ 2 ಪಟ್ಟಿನದು ಎರಡು ಸ್ಟಾಪನ್ನೂ ನುಂಗುತ್ತದೆ. 300 ಎಂಎಂ ಎಫ್/4 ಲೆನ್ಸು 2 ಪಟ್ಟಿನಲ್ಲಿ 600 ಎಂಎಂ ಎಫ್/8 ಆಗಿ, ಹಳೆಯ ಅನೇಕ ಕ್ಯಾಮೆರಾಗಳ ಆಟೋಫೋಕಸ್ ಕೈಕೊಡುತ್ತದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಮೀಸಲಿನಲ್ಲಿ ಮಧ್ಯಾಹ್ನ ನೆಲದಿಂದೇಳುವ ಬಿಸಿಗಾಳಿ ದೂರದ ಜಿಂಕೆಯನ್ನು ಕದಡುತ್ತದೆ. ಅದನ್ನು ಕನ್ವರ್ಟರ್ ಇನ್ನಷ್ಟು ಹಿಗ್ಗಿಸಿ ತೋರಿಸುತ್ತದೆ. ಅಲ್ಲಿ ಬೆಳಗ್ಗೆ ಬೇಗ ಹೋಗುವುದೇ ಒಳ್ಳೆಯ ಪರಿಕರ.

ಎಲ್ಲಿ ಬೇಡ

ತುಮಕೂರು ತಾಲ್ಲೂಕಿನ ನಾಗವಲ್ಲಿ ಕಾಡುಪಾಪಗಳಿಗೆ ಹೆಸರಾದ ಊರು. ಇರುಳಿನಲ್ಲಿ ಬದುಕುವ ಈ ಪುಟ್ಟ ಪ್ರಾಣಿಯ ಮುಖದ ಬಹುಪಾಲು ಕಣ್ಣುಗಳೇ. ಅಕ್ಷಿಪಟದ ಹಿಂದಿನ ಪ್ರತಿಫಲಕ ಪದರ ಸಿಕ್ಕ ಬೆಳಕನ್ನು ಹಿಂದಿರುಗಿಸಿ ಇನ್ನೊಮ್ಮೆ ಬಳಸುತ್ತದೆ. ಅಂಥ ಕಣ್ಣಿಗೆ ಹತ್ತಿರದಿಂದ ಮೇಲಿಂದ ಮೇಲೆ ಫ್ಲ್ಯಾಶ್ ಹೊಡೆಯುವುದು ಕ್ರೌರ್ಯ. ಸಂಶೋಧಕರು ಮಂದವಾದ ಕೆಂಪು ಬೆಳಕಿನಲ್ಲಿ ಇವುಗಳನ್ನು ಗಮನಿಸುತ್ತಾರೆ. 1972ರ ವನ್ಯಜೀವಿ ಕಾಯ್ದೆ ಕಾಡುಪಾಪಕ್ಕೆ ಅತ್ಯುನ್ನತ ರಕ್ಷಣೆ ಕೊಟ್ಟಿದೆ. ಫ್ಲ್ಯಾಶಿನಿಂದ ಎಲ್ಲ ಜೀವಿಗಳಿಗೂ ಹಾನಿ ಎಂದು ಒಂದೇ ಮಾತಿನಲ್ಲಿ ಹೇಳುವಂತಿಲ್ಲ. ಕಡಲತಳದ ಮೀನುಗಳ ಮೇಲೆ 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, ಫ್ಲ್ಯಾಶಿಗಿಂತ ಮನುಷ್ಯರು ಅವುಗಳನ್ನು ಮುಟ್ಟಿ ಕದಲಿಸುವುದೇ ಹೆಚ್ಚು ತೊಂದರೆ ಎಂದು ಕಂಡುಕೊಂಡಿತು. ಆದರೂ ಇರುಳಿನ ಜೀವಿಯ ವಿಷಯದಲ್ಲಿ, ಗೂಡಿನಲ್ಲಿ ಮರಿಯಿರುವ ಹಕ್ಕಿಯ ವಿಷಯದಲ್ಲಿ ಅನುಮಾನದ ಲಾಭ ಪ್ರಾಣಿಗೆ ಸಿಗಬೇಕು, ಫೋಟೋಗಲ್ಲ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರವರೇ ಬಣ್ಣದ ಕೊಕ್ಕರೆಗಳನ್ನು ಕಾಯುತ್ತಾರೆ. ಅವರ ಹುಣಸೆಮರದ ಕೆಳಗೆ ಫ್ಲ್ಯಾಶಿಗೆ ಕೆಲಸವಿಲ್ಲ.

ಕುಣಿಗಲ್ಲಿನ ಕುದುರೆಗಳ ಮುಂದೆಯೂ ಅದನ್ನು ಆರಿಸಿಡಿ. ಬೆದರಿದ ಕುದುರೆ ತನಗೂ ಸವಾರನಿಗೂ ಅಪಾಯ. ನಾಟಕಕ್ಕಂತೂ ಫ್ಲ್ಯಾಶ್ ಸಲ್ಲದು. ಗುಬ್ಬಿ ವೀರಣ್ಣನವರ ನೆಲದಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ: ರಂಗದ ಬೆಳಕು ನಿರ್ದೇಶಕನ ಮಾತು, ಅದರ ಮೇಲೆ ನಮ್ಮ ಮಿಂಚು ಬಿದ್ದರೆ ದೃಶ್ಯ ಒಡೆಯುತ್ತದೆ. ಅಲ್ಲಿಗೆ ಬೇಕಾದದ್ದು 50 ಎಂಎಂ ಎಫ್/1.8 ಲೆನ್ಸು ಮತ್ತು ತಾಳ್ಮೆ. ಅಜಂತಾದಲ್ಲಿ ಫ್ಲ್ಯಾಶ್ ನಿಷೇಧಿಸಿರುವುದು ಎಲ್ಲ ಭಿತ್ತಿಚಿತ್ರಗಳ ಮುಂದೆಯೂ ಪಾಲಿಸಬೇಕಾದ ನಡತೆ.

ಮಕ್ಕಳ ಫೋಟೋದ ಬಗ್ಗೆ ಒಂದು ಮುಖ್ಯ ಮಾತು. ಲೆನ್ಸಿನ ಹತ್ತಿರವೇ ಇರುವ ಫ್ಲ್ಯಾಶಿನಿಂದ ಕಣ್ಣುಗುಡ್ಡೆ ಕೆಂಪಾಗಿ ಬರುವುದು ಅಕ್ಷಿಪಟದ ರಕ್ತನಾಳಗಳ ಪ್ರತಿಫಲನ, ಅದು ರೋಗವಲ್ಲ. ಆದರೆ ಒಂದು ಕಣ್ಣು ಕೆಂಪಾಗಿದ್ದು ಇನ್ನೊಂದರ ಪಾಪೆ ಬಿಳಿಯಾಗಿ ಮತ್ತೆ ಮತ್ತೆ ಕಂಡರೆ ಮಗುವನ್ನು ತಡಮಾಡದೆ ಕಣ್ಣಿನ ವೈದ್ಯರಿಗೆ ತೋರಿಸಬೇಕು. ಕಣ್ಣಿನ ಪೊರೆ, ರೆಟಿನೋಬ್ಲಾಸ್ಟೋಮಾ ಎಂಬ ಕ್ಯಾನ್ಸರ್ ಮುಂತಾದವುಗಳ ಸುಳಿವು ಹೀಗೆ ಸಿಗುವುದುಂಟು. ಅಂಥ ಫೋಟೋ ಕಂಡ ಸ್ಟುಡಿಯೋದವರು ಅದನ್ನು ಫೋಟೋಶಾಪಿನಲ್ಲಿ ತಿದ್ದಿ ಕಳಿಸದೆ, ತಾಯಿತಂದೆಗೆ ತಿಳಿಸಬೇಕು.

ಕೊಳ್ಳುವ ಕ್ರಮ

ಮೊದಲು ತಲೆ ಎಲ್ಲ ದಿಕ್ಕಿಗೂ ತಿರುಗುವ, ಮ್ಯಾನುಯಲ್ ಪವರ್ ಇರುವ ಒಂದು ಫ್ಲ್ಯಾಶ್. ಮದುವೆಯಂಥ ಓಡಾಟದ ಕೆಲಸಕ್ಕೆ, ಬೆಳಕನ್ನು ಅಳೆದು ಪವರನ್ನು ತಾನೇ ಹೊಂದಿಸುವ ಟಿಟಿಎಲ್ ಅನುಕೂಲ. ಆದರೆ ಕ್ಯಾನನ್, ನಿಕಾನ್, ಸೋನಿಗಳ ಟಿಟಿಎಲ್ ಭಾಷೆ ಬೇರೆಬೇರೆಯಾದ್ದರಿಂದ ನಿಮ್ಮ ಕ್ಯಾಮೆರಾಕ್ಕೆ ಹೊಂದುವುದನ್ನೇ ಆರಿಸಬೇಕು. ನಂತರ 2.4 ಗಿಗಾಹರ್ಟ್ಸಿನ ರೇಡಿಯೋ ಟ್ರಿಗರ್, ಒಂದು ಸ್ಟ್ಯಾಂಡ್, ಬಿಳಿ ಛತ್ರಿ. ಆಮೇಲೆ ಎಕ್ಸ್‌ಟೆನ್ಷನ್ ಟ್ಯೂಬು, ಪೋಲರೈಸರು. ಎಎ ಸೆಲ್ ಹಾಕುವ ಫ್ಲ್ಯಾಶಾದರೆ ಆಲ್ಕಲೈನ್ ಬದಲು ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳು ಇರಲಿ, ಫ್ಲ್ಯಾಶ್ ಬೇಗ ಸಿದ್ಧವಾಗುತ್ತದೆ. ಸೆಕೆಂಡ್ ಹ್ಯಾಂಡಿನಲ್ಲಿ ವಿವಿಟಾರ್ 283ರಂಥ ಹಳೆಯ ಫ್ಲ್ಯಾಶ್ ಸಿಕ್ಕರೆ ನೇರ ಕ್ಯಾಮೆರಾಕ್ಕೆ ಸಿಕ್ಕಿಸಬೇಡಿ. ಅವುಗಳಲ್ಲಿ ಕೆಲವು ಶೂ ಸಂಪರ್ಕಕ್ಕೆ 200 ವೋಲ್ಟಿಗೂ ಮೀರಿ ಕೊಡುತ್ತವೆ, ಡಿಜಿಟಲ್ ಸರ್ಕ್ಯೂಟ್ ಸುಟ್ಟುಹೋಗಬಹುದು. ಮಲ್ಟಿಮೀಟರಿನಿಂದ ಅಳೆದು ನೋಡಿ.

ಬಟವಾಡಿ, ಗುಬ್ಬಿ, ಕುಣಿಗಲ್ಲಿನ ಛಾಯಾಗ್ರಾಹಕರ ಸಂಘಗಳೂ ಕಾಲೇಜುಗಳ ಫೋಟೋ ಕ್ಲಬ್ಬುಗಳೂ ಹೊಸ ಮಾಡೆಲ್ಲುಗಳ ಪ್ರದರ್ಶನದ ಜೊತೆಗೆ, ಮದುವೆಯಿಲ್ಲದ ದಿನ ಒಂದು ಖಾಲಿ ಛತ್ರ ಕೇಳಿ ಪಡೆದು, ಒಂದೇ ಫ್ಲ್ಯಾಶನ್ನು ಬೇರೆಬೇರೆ ಜಾಗದಲ್ಲಿಟ್ಟು ಒಂದೇ ಮುಖವನ್ನು ತೆಗೆಯುವ ಅಭ್ಯಾಸ ನಡೆಸಲಿ. ಅಲ್ಲಿ ಹಿರಿಯ ಸ್ಟುಡಿಯೋದವರು ಗೋಡೆ ನೋಡುವುದನ್ನು ಕಲಿಸಲಿ, ಹುಡುಗರು ಟ್ರಿಗರಿನ ಚಾನೆಲ್ ಕೂಡಿಸುವುದನ್ನು ತೋರಿಸಲಿ. ಕ್ಯಾಮೆರಾ ಬಾಡಿ ಕೆಲವೇ ವರ್ಷಗಳಲ್ಲಿ ಹಳೆಯದಾಗುತ್ತದೆ. ಹೀಗೆ ಕಲಿತ ಬೆಳಕಿನ ವಿದ್ಯೆ ಮುಂದೆ ಯಾವ ಕ್ಯಾಮೆರಾ ಕೈಗೆ ಬಂದರೂ ಕೆಲಸಕ್ಕೆ ಬರುತ್ತದೆ. ದುಡ್ಡನ್ನೂ ಸಮಯವನ್ನೂ ಮೊದಲು ಅದಕ್ಕೆ ಹಾಕಬೇಕು.